ತೂಕದ ಲೈಬ್ರರಿ

ಬೆಳಗಾವಿಯ ಉದ್ಯಮಬಾಗದ ಆ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ ಶುಭದಾ ಹಳಬಳು. ಹೊಸದಾಗಿ ಸೇರಿದ ಸಾಕ್ಷಿಯ ನಗು ಕೂಡ ಅವಳಿಗೆ ಸಹ್ಯವಾಗುತ್ತಿರಲಿಲ್ಲ. ಖಾನಾಪುರದ ಹಂಚಿನ ಕಾರ್ಖಾನೆಯ ಕೆಲಸ ಇಬ್ಬರಲ್ಲಿ ಯಾರ ಪಾಲಿಗೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಕಾರ್ಖಾನೆಯ ಉಳವಪ್ಪನವರು ಮಣ್ಣಿನ ಮಿಶ್ರಣದ ನಿಯಮವನ್ನು ತಾವೇ ಬರೆಯಬೇಕು, ಪ್ರೋಗ್ರಾಂ ಅದನ್ನು ಅಲ್ಲೇ ಕಂಪೈಲ್ ಮಾಡಿ, ಎಂದರೆ ಯಂತ್ರಕ್ಕೆ ತಿಳಿಯುವಂತೆ ಬದಲಿಸಿ, ಓಡಿಸಬೇಕು ಎಂಬುದು ಬೇಡಿಕೆ. ಸಾಕ್ಷಿ ಒಂದೇ ವಾರದಲ್ಲಿ ಅದನ್ನು ಮಾಡಿ ತೋರಿಸಿದ್ದಳು.

“ಚಲೋ ತಲಿ ಐತಿ ಹುಡುಗೀದು. ಶುಭದಾ, ನೀವೊಮ್ಮೆ ಕೋಡ್ ನೋಡಿಬಿಡ್ರಿ,” ಎಂದರು ಮಾಲೀಕ ದಿಗಂಬರ.

ಶುಭದಾ ಹೊಟ್ಟೆಕಿಚ್ಚಿನಿಂದಲೇ ಒಂದೊಂದು ಸಾಲನ್ನೂ ಓದಿದಳು. ನಿಯಮ ಬಳಸುವ ಪ್ರತಿ ಲೈಬ್ರರಿಯನ್ನೂ, ಎಂದರೆ ಮೊದಲೇ ಬರೆದಿಟ್ಟ ಕೋಡಿನ ಪ್ರತಿ ಕಡತವನ್ನೂ, ರೆಫರೆನ್ಸ್ ಎಂದು ಕಂಪೈಲರಿಗೆ ಕೊಡಬೇಕು. ಸಾಕ್ಷಿಯ ಕೋಡ್ ಆ ಕ್ಷಣ ಮೆಮೊರಿಯಲ್ಲಿದ್ದ ಲೈಬ್ರರಿಗಳನ್ನಷ್ಟೇ ಬಾಚಿ ಕೊಡುತ್ತಿತ್ತು. ಆಫೀಸಿನಲ್ಲಿ ಎಲ್ಲರೂ ಮೊದಲು ತೂಕದ ಪರದೆ ತೆರೆಯುವುದು ರೂಢಿ. ಹಾಗಾಗಿ ತೂಕದ ಲೈಬ್ರರಿ ಆಗಲೇ ಮೆಮೊರಿಗೆ ಬಂದಿರುತ್ತಿತ್ತು. ನೇರವಾಗಿ ನಿಯಮದ ಪರದೆಗೆ ಹೋದರೆ ಅದು ಸಿಗುವುದಿಲ್ಲ.

“ಹೆಂಗೈತ್ರಿ, ಅಕ್ಕಾರ?” ಸಾಕ್ಷಿ ಕೇಳಿದಳು.

“ಚಲೋ ಐತಿ,” ಎಂದಳು ಶುಭದಾ.

ಮರುದಿನ ಇಬ್ಬರೂ ಖಾನಾಪುರಕ್ಕೆ ಹೋದಾಗ ಉಳವಪ್ಪನವರು ನೇರವಾಗಿ ನಿಯಮದ ಪರದೆಗೇ ಹೋದರು. ತೂಕ ಎಂದರೇನೆಂದು ಗೊತ್ತಿಲ್ಲ ಎಂದು ಕಂಪೈಲರ್ ಕೆಂಪು ಅಕ್ಷರದಲ್ಲಿ ತಿಳಿಸಿತು.

“ಮಣ್ಣ ತೂಗದ ಹಂಚ ಮಾಡೂದು ಹೆಂಗವಾ ತಂಗಿ?” ಎಂದು ಅವರು ನಕ್ಕರು. ಸಾಕ್ಷಿ ತಲೆ ತಗ್ಗಿಸಿದಳು.

ಶುಭದಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು, ತೂಕದ ಲೈಬ್ರರಿಯ ಹೆಸರು ಹಿಡಿದು ಒಂದು ಸಾಲು ಸೇರಿಸಿದಳು. ನಿಯಮ ಓಡಿತು.

ಉಳವಪ್ಪನವರು ಅಲ್ಲಿಂದಲೇ ದಿಗಂಬರರಿಗೆ ಫೋನ್ ಮಾಡಿದರು. “ಇನ್ನ ಮ್ಯಾಲ ಈ ಶುಭದಾ ಬಾಯಾರನ್ನ ಕಳಸ್ರಿ.”

ಬೆಳಗಾವಿಯ ಬಸ್ಸಿನಲ್ಲಿ ಕುಳಿತ ಮೇಲೆ ಸಾಕ್ಷಿ ಕೇಳಿದಳು, “ಎರರ್ ಪೂರಾ ಓದಲಿಲ್ಲ ನೀವು. ನಿನ್ನೇನ ಗೊತ್ತಿತ್ತಲ್ರೀ?”

ಶುಭದಾ ಕಿಟಕಿಯತ್ತ ತಿರುಗಿದಳು. “ಗೊತ್ತಿತ್ತು.”

“ಹೇಳಿದ್ರ ಕಲೀತಿದ್ದೆ,” ಎಂದಷ್ಟೇ ಹೇಳಿ ಸಾಕ್ಷಿ ಲ್ಯಾಪ್‌ಟಾಪ್ ತೆರೆದಳು.

ಬಸ್ಸಿನ ಕುಲುಕಾಟದಲ್ಲೇ ಅವಳ ಬೆರಳುಗಳು ಓಡುತ್ತಿದ್ದವು. ಶುಭದಾ ಓರೆಗಣ್ಣಿನಿಂದ ನೋಡಿದಳು. ತಾನು ಸೇರಿಸಿದ ಸಾಲನ್ನು ಸಾಕ್ಷಿ ಅಳಿಸಿದ್ದಳು. ಅದರ ಬದಲು ಪ್ರೋಗ್ರಾಮಿನ ಫೋಲ್ಡರಿನಲ್ಲಿದ್ದ ತಮ್ಮ ಲೈಬ್ರರಿಗಳೆಲ್ಲವೂ ರೆಫರೆನ್ಸ್ ಆಗಿ ಹೋಗುವಂತೆ ಬರೆಯುತ್ತಿದ್ದಳು. ನಾಳೆ ಹೊಸ ಲೈಬ್ರರಿಯೊಂದು ಬಂದರೂ, ಯಾವ ಪರದೆ ಮೊದಲು ತೆರೆದರೂ ನಿಯಮ ನಿಲ್ಲುವುದಿಲ್ಲ.

ಖಾನಾಪುರ ಈಗ ಶುಭದಾಳದೇ. ಆದರೂ ಆ ಕೋಡಿನಲ್ಲಿ ತಪ್ಪೊಂದು ಸಿಗಲೆಂದು ಅವಳು ದಾರಿಯುದ್ದಕ್ಕೂ ಹುಡುಕಿದಳು. ಸಿಗಲಿಲ್ಲ.