ಅರ್ಧ ಮನೆ ಕೆಳಗಿನ ಶ್ರುತಿ

ಯುದ್ಧದಲ್ಲಿ ಹಾರಿಹೋಗಿದ್ದ ಚಾವಣಿಯನ್ನು ಹೊಸದಾಗಿ ಹೊದಿಸಿ ನಮ್ಮೂರಿನ ರಂಗಮಂದಿರ ಮತ್ತೆ ತೆರೆದ ವರ್ಷ, ಎರ್ಸಿಲಿಯಾ ಬೊಂದವಾಲ್ಲಿ ಹುಟ್ಟೂರಿನಲ್ಲಿ ಒಪೆರಾ ಹಾಡಲು ಒಪ್ಪಿಕೊಂಡಳು. ಒಪ್ಪಿದ ದಿನದಿಂದ ಅವಳಿಗೆ ಊಟ ಸೇರಲಿಲ್ಲ. ವಿಯೆನ್ನಾದಲ್ಲಿ ಹಾಡಿದವಳು, ಬ್ಯೂನಸ್ ಐರಿಸ್‌ನಲ್ಲಿ ಹೂವಿನ ರಾಶಿಯಲ್ಲಿ ನಿಂತವಳು. ಆದರೆ ಪೋ ನದಿಯ ದಂಡೆಯ ಈ ಪುಟ್ಟ ಊರಿನ ರಂಗಮಂದಿರದ ಮೇಲಟ್ಟವನ್ನು ನೆನೆದರೆ ಒಪ್ಪಬಾರದಿತ್ತು ಎನಿಸುತ್ತಿತ್ತು. ಅಗ್ಗದ ಟಿಕೆಟ್ಟಿನ ಆ ಮರದ ಬೆಂಚುಗಳ ಮೇಲೆ ಕೂರುವ ನಮ್ಮ ಕಟುಕರು, ಚೀಸ್ ಮಾಡುವವರು, ಕ್ಷೌರಿಕರು ಹಾಡಿನ ವಿಷಯದಲ್ಲಿ ಯಾರಿಗೂ ಸೊಪ್ಪು ಹಾಕುವವರಲ್ಲ. ತಪ್ಪಿದರೆ ಸಿಳ್ಳೆ ಹೊಡೆದು ಮಾನ ಕಳೆಯುತ್ತಾರೆ. ಇಪ್ಪತ್ತಮೂರರ ಹುಡುಗಿಯಾಗಿದ್ದಾಗ ಇಲ್ಲೇ ಮೇಲಿನ ಸ್ವರದಲ್ಲಿ ಅವಳ ದನಿ ಒಡೆದಿತ್ತು. ಆಗ ಬಿದ್ದ ಸಿಳ್ಳೆಗೆ ಊರು ಬಿಟ್ಟವಳು ಮತ್ತೆ ಇತ್ತ ತಲೆಹಾಕಿರಲಿಲ್ಲ.

ಈಗ ಅವಳಿಗೆ ಐವತ್ತು. ಅದೇ ಸ್ವರ ಒಂದು ದಿನ ಬಂದರೆ ಮೂರು ದಿನ ಕೈಕೊಡುತ್ತದೆ. ಆರು ವರ್ಷಗಳಿಂದ ಹೋದಲ್ಲೆಲ್ಲ ವಾದ್ಯದವರಿಗೆ ಗುಟ್ಟಾಗಿ ಹೇಳಿ, ಶ್ರುತಿಯನ್ನು ಅರ್ಧ ಮನೆ, ಅಂದರೆ ಪಿಯಾನೋದ ಒಂದೇ ಒಂದು ಕೀಲಿಯಷ್ಟು, ಇಳಿಸಿಕೊಂಡು ಹಾಡುತ್ತಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ, ಗೊತ್ತಾಗಿಬಿಟ್ಟರೆ ಎಂಬ ಹೆದರಿಕೆಯಲ್ಲೇ ಆರು ವರ್ಷ ಕಳೆದಿದ್ದಳು. ಇಲ್ಲಿ ಮಾತ್ರ ಗೊತ್ತಾಗದೆ ಇರುವುದಿಲ್ಲ. ಹಂದಿಮಾಂಸದ ಅಂಗಡಿಯ ಮುದುಕ ಅಲ್ಚೆಸ್ತೆ ಮೇಲಟ್ಟದ ಹಿರಿಯ. ಅವನ ಕೋಟಿನ ಜೇಬಿನಲ್ಲಿ ಶ್ರುತಿ ನೋಡುವ ಉಕ್ಕಿನ ಕವೆ ಇರುತ್ತದೆ. ಅನುಮಾನ ಬಂದರೆ ಅದನ್ನು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿಯುತ್ತಾನೆ. ಅವನು ಹುಬ್ಬು ಗಂಟಿಕ್ಕಿದನೆಂದರೆ ಉಳಿದವರ ಬೆರಳು ಸಿಳ್ಳೆಗೆಂದು ಬಾಯಿಗೆ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಅವಳು ನೆಟ್ಟಗೆ ಅವನ ಅಂಗಡಿಗೇ ಹೋದಳು.

"ಅಲ್ಚೆಸ್ತೆ ಮಾವ, ನಾಳೆ ಮೂರನೇ ಅಂಕದ ಹಾಡನ್ನ ಅರ್ಧ ಮನೆ ಇಳಿಸಿ ಹಾಡ್ತೀನಿ. ಗಂಟಲು ಮೊದಲಿನ ಹಾಗಿಲ್ಲ."

ಹಂದಿತೊಡೆ ಕೊಯ್ಯುತ್ತಿದ್ದವನು ಕತ್ತಿ ಕೆಳಗಿಟ್ಟ. "ಅದನ್ನ ನನಗ್ಯಾಕೆ ಬಂದು ಹೇಳಿದೆ ಮಾರಾಯ್ತಿ?"

"ಇನ್ಯಾರಿಗೆ ಹೇಳ್ಲಿ?"

"ಯಾರಿಗೂ ಹೇಳಬಾರದಿತ್ತು. ನೀನು ಇಳಿಸ್ಬೇಕು, ನಾನು ಹಿಡೀಬೇಕು. ಅದು ತಾನೇ ಪದ್ಧತಿ? ಈಗ ನಾನು ಸುಮ್ಮನಿದ್ರೆ, ಬೊಂದವಾಲ್ಲಿ ಮುದುಕನ್ನ ಒಳಗೆ ಹಾಕ್ಕೊಂಡ್ಳು ಅಂತಾರೆ. ಸಿಳ್ಳೆ ಹೊಡೆದ್ರೆ, ಕಾಲಿಗೆ ಬಿದ್ದ ಹೆಂಗಸನ್ನ ಒದ್ದ ಅಂತಾರೆ. ನಲವತ್ತು ವರ್ಷ ಕಾಪಾಡ್ಕೊಂಡು ಬಂದ ಮರ್ಯಾದೆ ಕಣೇ ಇದು."

"ನಾನು ಕಾಲಿಗೆ ಬೀಳಕ್ಕೆ ಬಂದಿಲ್ಲ. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ, ಅದಕ್ಕೆ ಬಂದೆ."

ಮುದುಕ ಅವಳ ಮುಖವನ್ನೇ ನೋಡಿದ. "ಅವತ್ತು ಮೊದಲು ಸಿಳ್ಳೆ ಹೊಡೆದವನು ನಾನೇ, ಗೊತ್ತಾ?"

"ಗೊತ್ತು."

"ಹೊಡೆದಿದ್ದು ಸರಿನೇ. ಅವತ್ತು ಕೆಟ್ಟದಾಗಿ ಹಾಡಿದ್ದೆ ನೀನು," ಎಂದು ಅವನು ಮತ್ತೆ ಕತ್ತಿ ಎತ್ತಿಕೊಂಡ. ನಾಳೆ ಏನು ಮಾಡುತ್ತೇನೆಂದು ಮಾತ್ರ ಹೇಳಲೇ ಇಲ್ಲ.

ಭಾನುವಾರ ಮಧ್ಯಾಹ್ನ ಮೊದಲ ಎರಡು ಅಂಕ ಹೇಗೋ ದಾಟಿದವು. ಮೂರನೆಯದರಲ್ಲಿ, ಮಗನನ್ನು ಕಳೆದುಕೊಂಡ ರಾಣಿಯ ಹಾಡಿಗೆ ವಾದ್ಯಗಳು ಶುರುವಾದವು. ಅಷ್ಟರಲ್ಲೇ ಮೇಲಟ್ಟದಿಂದ ಟಿಣ್ ಎಂಬ ಸಣ್ಣ ಸದ್ದು ಬಂತು. ಎರ್ಸಿಲಿಯಾ ತಲೆಯೆತ್ತಿ ನೋಡಿದಳು. ಬೆಂಚು ಕಿರುಗುಟ್ಟಿತು, ಅಲ್ಚೆಸ್ತೆ ಎದ್ದು ನಿಂತಿದ್ದ.

"ಅರ್ಧ ಮನೆ ಇಳಿಸಿದ್ದಾಳೆ," ಎಂದ, ಇಡೀ ಮಂದಿರಕ್ಕೆ ಕೇಳುವ ಹಾಗೆ. "ಅಂಗಡಿಗೆ ಬಂದು ಅವಳೇ ಹೇಳಿದ್ದಾಳೆ. ಗೊತ್ತಾಯ್ತಲ್ಲ? ಇನ್ನು ಬಾಯಿ ಮುಚ್ಕೊಂಡು, ಹಾಡು ಹೇಗಿದೆ ಅಂತ ಕಿವಿಗೊಟ್ಟು ಕೇಳಿ."

ಮೇಲೆ ಯಾರೋ ಕಿಸಕ್ಕೆಂದರು, ಕೆಳಗಿನ ದೊಡ್ಡ ಮನುಷ್ಯರೂ ನಕ್ಕರು. ವಾದ್ಯವೃಂದದ ಯುವ ನಿರ್ದೇಶಕ ದೆಲ್ಮೊ ಎಲ್ಲವನ್ನೂ ನಿಲ್ಲಿಸಿ, ಕಿವಿಯವರೆಗೆ ಕೆಂಪಾಗಿ ಅವಳತ್ತ ನೋಡಿದ. ಮೊದಲಿನಿಂದ ಹಿಡಿ ಎಂದು ಅವಳು ಸನ್ನೆ ಮಾಡಿದಳು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಇಷ್ಟು ವರ್ಷ ಅವಳ ಅರ್ಧ ಗಮನ ಕೇಳುವವರ ಕಿವಿಯ ಮೇಲಿರುತ್ತಿತ್ತು. ಇವತ್ತು ಪೂರ್ತಿಯಾಗಿ ಆ ರಾಣಿಯ ಮೇಲಿತ್ತು. ಸ್ವರ ಏರಿತು. ಮೇಲಿನ ಸ್ವರ ಮುಟ್ಟಿ ಅವಳು ಆತುರಪಡದೆ ನಿಂತಳು, ತನಗೆ ತೃಪ್ತಿಯಾಗುವಷ್ಟು ಹೊತ್ತು ನಿಂತು ಮೆಲ್ಲಗೆ ಇಳಿದಳು.

ಚಪ್ಪಾಳೆ ನಿಲ್ಲಲೊಲ್ಲದು. ಅದರ ನಡುವೆ ಮೇಲಟ್ಟದಿಂದ ಹೆಂಗಸೊಬ್ಬಳು ಕೂಗಿದಳು: "ಇನ್ನೊಂದ್ಸಲ ಹಾಡವ್ವ. ಬೇಕಾದ್ರೆ ಇನ್ನೂ ಅರ್ಧ ಮನೆ ಇಳಿಸ್ಕೊ."

ರಾಣಿಯ ಕಪ್ಪು ಬಟ್ಟೆಯಲ್ಲೇ ಎರ್ಸಿಲಿಯಾ ನಕ್ಕುಬಿಟ್ಟಳು. ನಗುವಿನ ಜೊತೆಗೆ ಅಳುವೂ ಬಂತು. ಜೀವ ಇಷ್ಟು ಹಗುರಾದದ್ದು ಅವಳಿಗೆ ನೆನಪೇ ಇರಲಿಲ್ಲ.

ಪರದೆ ಬಿದ್ದ ಮೇಲೆ ದೆಲ್ಮೊ ಬೆವರು ಒರೆಸಿಕೊಳ್ಳುತ್ತ ಬಂದ. "ಮುಂದಿನ ವಾರ ಬೊಲೋನ್ಯಾದಲ್ಲಿ ಹಾಡೋದಿದೆ ಸಿನ್ಯೋರಾ. ಅಲ್ಲಿ ಇಂಥ ಮುದುಕರಿಲ್ಲ. ವಾದ್ಯದವರಿಗೆ ನಾನೇ ಗುಟ್ಟಾಗಿ ಹೇಳಿಡ್ತೀನಿ."

"ಗುಟ್ಟು ಬೇಡಪ್ಪ," ಎಂದಳು ಅವಳು. "ಗೋಡೆಗೆ ಅಂಟಿಸ್ತಾರಲ್ಲ, ಆ ಹಾಳೆಯಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕ್ಸು. ಅರ್ಧ ಮನೆ ಕೆಳಗೆ ಹಾಡ್ತಾಳೆ ಅಂತ."