ದೇವರ ಪೆಟ್ಟಿಗೆಯ ಮುಂದೆ ಪಾಪಕ್ಕ

ಮಗಳ ಮದುವೆ ಮುರಿಯಿತು ಎಂಬ ಸುದ್ದಿ ಪಾಪಕ್ಕನಿಗೆ ಸಿಕ್ಕಿದ್ದು ಚಳ್ಳಕೆರೆಯ ಎಸ್‌ಟಿಡಿ ಬೂತಿನಲ್ಲಿ. ಫೋನಿನ ಆ ಕಡೆ ಇದ್ದವನು ಒಡಹುಟ್ಟಿದ ಅಣ್ಣ ಗಾದ್ರಪ್ಪ. ಅವನ ಮಗನಿಗೂ ಪಾಪಕ್ಕನ ಮಗಳು ಪವಿತ್ರಳಿಗೂ ವೀಳ್ಯಶಾಸ್ತ್ರವಾಗಿತ್ತು, ಸೀರೆ ತಂದಾಗಿತ್ತು, ಊರಿಗೆಲ್ಲ ಹೇಳಿಯೂ ಆಗಿತ್ತು.

"ನಿನ್ನ ಗಂಡ ಬಳ್ಳಾರಿಗೆ ಹೋಗಿ, ಬಾಗಿಲು ಹಾಕ್ಕೊಂಡು ಏನ್ ಮಾಡ್ತಾನೆ ಗೊತ್ತೇನಮ್ಮ? ಕಣ್ಣಿಗೆ ಬಟ್ಟೆ ಕಟ್ತಾರಂತೆ. ತಲೆಬುರುಡೆ ಮುಟ್ಟಿಸ್ತಾರಂತೆ. ಫ್ರೀಮೇಸನ್ ಅಂದ್ರೆ ದೇವರನ್ನ ಬಿಟ್ಟೋರಂತೆ. ಅಂಥೋನ ಮಗಳು ದೇವರ ಪೆಟ್ಟಿಗೆ ಇರೋ ಮನೆಗೆ ಬ್ಯಾಡ."

"ಯಾರಂದ್ರು?"

"ಎಲ್ರೂ ಅಂತಾರೆ."

ಪಾಪಕ್ಕ ರಿಸೀವರ್ ಕುಕ್ಕಿದ ರಭಸಕ್ಕೆ ಬೂತಿನವನು ಕುರ್ಚಿಯಿಂದ ಎದ್ದೇಬಿಟ್ಟ.

ಗಂಡ ಓಬಳೇಶನಿಗೆ ಮೋಟಾರು ರಿವೈಂಡಿಂಗ್ ಅಂಗಡಿಯಿತ್ತು. ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಹೋದ ವರ್ಷ ಅವನನ್ನು ಬಳ್ಳಾರಿಯ ಆ ಫ್ರೀಮೇಸನ್ ಕೂಟಕ್ಕೆ, ಬಾಗಿಲು ಮುಚ್ಚಿ ಸಭೆ ನಡೆಸುವ ಗಂಡಸರ ಸಂಘಕ್ಕೆ, ಸೇರಿಸಿದ್ದರು. ಆಗಿನಿಂದ ತಿಂಗಳಿಗೊಮ್ಮೆ ಕಪ್ಪು ಸೂಟ್‌ಕೇಸ್ ಹಿಡಿದು ಹೊರಡುತ್ತಿದ್ದ. ಅಲ್ಲೇನು ನಡೆಯುತ್ತದೆ ಎಂದು ಕೇಳಿದರೆ, "ಒಳ್ಳೇದೇ ನಡೀತೈತೆ, ಬಿಡು" ಎನ್ನುತ್ತಿದ್ದ. ಆ "ಬಿಡು" ಕೇಳಿದಾಗಲೆಲ್ಲ ಪಾಪಕ್ಕನ ಮೈ ಉರಿಯುತ್ತಿತ್ತು. ಈಗಂತೂ ಬೆಂಕಿಯೇ ಬಿತ್ತು.

"ಆ ಸೂಟ್‌ಕೇಸ್ ತಗಂಡು ನಡಿ," ಎಂದಳು. "ನಮ್ಮಣ್ಣನ ಮುಂದೆ ತೆಗಿ. ನಿನ್ನ ಬಾಯಿ ಬಿಗೀತಕ್ಕೆ ನನ್ನ ಮಗಳು ಅಳ್ತಾ ಕೂತವಳೆ."

ಮೊಳಕಾಲ್ಮುರಿನಲ್ಲಿ ಬಸ್ಸಿಳಿದು, ಆಟೊ ಹಿಡಿದು ಇಬ್ಬರೂ ಅವಳ ತವರೂರು ಮುಟ್ಟಿದರು.

ನಡುಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿತ್ತು ತಲೆತಲಾಂತರದಿಂದ ಬಂದ ಕುಲದೇವರ ಪೆಟ್ಟಿಗೆ. ಅದರ ಮುಂದೆ ಗಾದ್ರಪ್ಪ. ಅವನ ಹೆಂಡತಿ ಕಾಟಮ್ಮ ನೀರು ಕೊಟ್ಟು ಬಾಗಿಲಿಗೆ ಒರಗಿ ನಿಂತಳು.

ಓಬಳೇಶ ಸೂಟ್‌ಕೇಸ್ ತೆರೆದ. ಒಂದು ಬಿಳಿ ಏಪ್ರನ್, ಬಿಳಿ ಕೈಗವಸು, ಸಣ್ಣ ಪುಸ್ತಕ. ಅಷ್ಟೇ. ಗಾದ್ರಪ್ಪ ಏಪ್ರನ್ ಮುಟ್ಟಿ ನೋಡಿ ಕೈ ಎಳೆದುಕೊಂಡ.

"ಏನಪ್ಪಾ ಇದು! ಚರ್ಮ!"

"ಕುರಿ ಚರ್ಮ ಬಾವ. ನಿಮ್ಮ ಹಟ್ಟಿ ತುಂಬ ಅದೇ ಐತಲ್ಲ."

ಕಾಟಮ್ಮ ಕಿಸಕ್ಕನೆ ನಕ್ಕಳು. ಗಾದ್ರಪ್ಪ ಅವಳತ್ತ ದುರುಗುಟ್ಟಿದ.

"ದೇವರ ಸುದ್ದಿ ಹೇಳು. ದೇವರಿಲ್ಲ ಅಂತ ಆಣೆ ಮಾಡಿಸ್ತಾರಂತೆ?"

"ಅದು ಸುಳ್ಳು. ದೇವರನ್ನ ನಂಬಲ್ಲ ಅಂದ್ರೆ ಸೇರಿಸ್ಕೊಳ್ಳೋದೇ ಇಲ್ಲ. ನಂಬ್ತೀನಿ ಅಂತ ಹೇಳಿದ ಮ್ಯಾಲೇ ನನ್ನನ್ನ ಒಳಗೆ ಬಿಟ್ಟಿದ್ದು."

"ಯಾವ ದೇವರನ್ನ?"

"ಅದನ್ನ ಕೇಳಲ್ಲ ಬಾವ. ಅವರವರ ದೇವರು ಅವರಿಗೆ. ಸಾಬರೂ ಅವರೆ, ಕಿರಿಸ್ತಾನರೂ ಅವರೆ."

ಗಾದ್ರಪ್ಪನಿಗೆ ತಲೆಬುರುಡೆಗಿಂತ ಇದೇ ಹೆಚ್ಚು ಗಾಬರಿಯಾಯಿತು. "ಯಾವ ದೇವರು ಅಂತ ಕೇಳದೋರು ಎಂಥ ದೈವಭಕ್ತರಲೇ! ಹೋಗ್ಲಿ, ಅಲ್ಲಿ ಬಾಯಲ್ಲಿ ಏನೇನು ಹೇಳಿಸಿದ್ರು? ಒಂದೂ ಬಿಡದೆ ಹೇಳು. ಹೇಳಿದ್ರೆ ಮದುವೆ."

ಓಬಳೇಶ ತಲೆ ತಗ್ಗಿಸಿದ. "ಅದನ್ನ ಮಾತ್ರ ಹೇಳಂಗಿಲ್ಲ. ಮಾತು ಕೊಟ್ಟೀನಿ."

"ನೋಡಿದ್ಯಾ ಪಾಪಕ್ಕ? ಕದ್ದು ಮಾಡೋದ್ರಲ್ಲಿ ಒಳ್ಳೇದು ಇರ್ತೈತಾ?"

ಪಾಪಕ್ಕ ಗಂಡನ ಮೇಲೆ ಎಗರಲೆಂದೇ ಎದ್ದಿದ್ದಳು. ಆದರೆ ಕಣ್ಣು ಕಂಬಳಿಯ ಮೇಲೆ ಬಿತ್ತು. ಚಿಕ್ಕಂದಿನಲ್ಲಿ ಆ ಪೆಟ್ಟಿಗೆಯ ಮುಂದೆ ಎಷ್ಟು ಸಲ ಸಗಣಿ ಸಾರಿಸಿದ್ದಳೋ! ಅದನ್ನು ತೆರೆಯುವ ದಿನ ಮಾತ್ರ ಹೆಣ್ಣುಮಕ್ಕಳೆಲ್ಲ ಹಿತ್ತಲಿಗೆ. ಏನಿದೆ ಎಂದು ಕೇಳಿದ್ದಕ್ಕೆ ಒಮ್ಮೆ ಅಪ್ಪನಿಂದ ಕೆನ್ನೆಗೆ ಬಿದ್ದಿತ್ತು.

"ಅಣ್ಣಾ, ಈ ಪೆಟ್ಟಿಗೇಲಿ ಏನೈತೆ?"

"ಏನ್ ಕೇಳ್ತಿದ್ದೀಯಾ ನೀನು!"

"ಇದೇ ಮನೇಲಿ ಹುಟ್ಟಿದೋಳು ನಾನು. ಏನೈತೆ ಹೇಳು. ಒಂದೂ ಬಿಡದೆ ಹೇಳು."

"ಹೆಂಗಸ್ರು ಕೇಳಂಗಿಲ್ಲ. ಹಿರೀಕರಿಗೆ ಮಾತು ಕೊಟ್ಟೀನಿ."

"ಅವನೂ ಅದನ್ನೇ ಹೇಳಿದ್ನಲ್ಲೋ! ನೀನು ಮುಚ್ಚಿಟ್ರೆ ದೇವರು, ಅವನು ಮುಚ್ಚಿಟ್ರೆ ಪಾಪಾನಾ? ಆ ಪಾಪಕ್ಕೆ ನನ್ನ ಮಗಳ ಮದುವೆ ನಿಲ್ಲಿಸ್ತೀಯಾ? ಅದನ್ನ ತೆಗಿ, ಇಲ್ಲಾ ಬಾಯಿ ಮುಚ್ಚು!"

ಗಾದ್ರಪ್ಪನ ಮುಖ ಕೆಂಪಾಯಿತು. ಕೈ ಎತ್ತಿದ. ಆಗ ಬಾಗಿಲಿನಿಂದ ಕಾಟಮ್ಮ ಹೇಳಿದಳು:

"ಮದುವೆ ನಿಲ್ಲಿಸಿದ್ರೆ, ನಾಳೆಯಿಂದ ಈ ಪೆಟ್ಟಿಗೆ ಮುಂದಿನ ಕಸ ನೀನೇ ಗುಡಿಸ್ಕೊ."

ಎತ್ತಿದ ಕೈ ಹಾಗೇ ಇಳಿದು ಟವೆಲ್ ಹುಡುಕಿತು. ಗಾದ್ರಪ್ಪ ಬೆವರೊರೆಸಿಕೊಂಡು, ಕಂಬಳಿ ಸರಿಪಡಿಸಿ, ಯಾರ ಮುಖವನ್ನೂ ನೋಡದೆ ಅಂದ: "ಆಗ್ಲಿ. ಹೇಳಿದ ದಿನಕ್ಕೇ ಮದುವೆ ಆಗ್ಲಿ. ಪೆಟ್ಟಿಗೆ ಸುದ್ದಿ ಎತ್ತಬ್ಯಾಡ್ರಿ."

ವಾಪಸು ಬರುವ ಬಸ್ಸಿನಲ್ಲಿ ಓಬಳೇಶ ಅರಳಿಹೋಗಿದ್ದ. "ನಿಮ್ಮಣ್ಣನ್ನ ಎಂಗೆ ಕೂರಿಸಿಬಿಟ್ಟೆ! ನನ್ನ ಮರ್ಯಾದೆ ಉಳಿಸಿದೆ ನೋಡು."

"ನಿನ್ನ ಮರ್ಯಾದೆಗಲ್ಲ," ಎಂದಳು ಪಾಪಕ್ಕ. "ಈಗ ನಂಗೆ ಹೇಳು. ಅಲ್ಲಿ ಏನಂತ ಮಾತು ಕೊಟ್ಟೆ?"

ಅವನ ನಗು ಕಿಟಕಿಯ ಕಡೆ ತಿರುಗಿತು. "ಈಗ್ಯಾಕೆ ಅದೆಲ್ಲ? ಬಿಡು."

ಮೆಕ್ಕೆಕಾಯಿ ಚೀಲ ಹಿಡಿದು ಅಜ್ಜಿಯೊಬ್ಬಳು ಕಂಬಕ್ಕೆ ಜೋತುಬಿದ್ದಿದ್ದಳು. ಪಾಪಕ್ಕ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾರಮ್ಮ, ಕುಂತ್ಕೊ. ಇವ್ರು ನಿಂತ್ಕೊಂಡು ಬರ್ತಾರೆ."

ಚಳ್ಳಕೆರೆ ಬರುವವರೆಗೂ ಓಬಳೇಶ ಸೂಟ್‌ಕೇಸನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದ.