ಪೈಪಿನೊಳಗಿನ ಗಂಟು

ಕಾದ ಹತ್ತಿನೂಲಿನ ವಾಸನೆ. ಶ್ರೀದೇವಿ ನಿಚ್ಚಣಿಕೆಯ ಮೇಲೆ ನಿಂತು ವಾಯರಿಂಗ್ ಪೈಪಿನ ಬಾಯಿಗೆ ಇನ್ನೊಮ್ಮೆ ಮೂಗು ಹಿಡಿದಳು. ಅವಳಿಗೆ ಎಂಟು ವರ್ಷವಿದ್ದಾಗ, ರಬಕವಿಯ ತವರುಮನೆಯಲ್ಲಿ, ಕಟ್ಟಿಗೆಯ ಸ್ವಿಚ್ ಬೋರ್ಡಿನೊಳಗೆ ಹತ್ತಿಧೂಳು ತುಂಬಿ ಇದೇ ವಾಸನೆ ಬಂದಿತ್ತು. ಮೊದಲು ವಾಸನೆ, ಆಮೇಲೆ ಹೊಗೆ. ಅಪ್ಪನ ಎರಡು ಮಗ್ಗಗಳು ಸುಟ್ಟುಹೋದವು. ಮುಂದೆ ಅವಳು ಐಟಿಐಯಲ್ಲಿ ವಾಯರಿಂಗ್ ಕಲಿಯುತ್ತೇನೆ ಅಂದಾಗ ಅಪ್ಪ ಬೇಡ ಅನ್ನಲಿಲ್ಲ.

ಕೆಳಗಿಳಿದು, ಎಳೆದ ವಾಯರ್ ಭಾರ ತಡೆಯುತ್ತದೋ ಎಂದು ಪರೀಕ್ಷಿಸಲು ಅದರ ತುದಿಗೆ ಜೋಡಿಸಿ ಹಚ್ಚಿದ್ದ ನೀರಿನ ಹೀಟರ್ ಆರಿಸಿದಳು. ಹಚ್ಚಿ ಅರ್ಧ ತಾಸೂ ಆಗಿರಲಿಲ್ಲ.

ಬನಹಟ್ಟಿಯ ಈ ಮನೆಯ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು. ಗಂಡ ಸುಭಾಷ್ ಸೀರೆ ಸಾಗಿಸಲು ಬ್ಯಾಟರಿ ಆಟೋ ಕೊಂಡಿದ್ದ. ಅದು ನಿಲ್ಲಲೆಂದು ಒಂದು ಮಗ್ಗ ಬಿಚ್ಚಿ, ನಡುವೆ ಗೋಡೆ ಎಬ್ಬಿಸಿ ಗ್ಯಾರೇಜ್ ಮಾಡಿದ್ದರು. ಅದಕ್ಕೆ ಎರಡು ದೊಡ್ಡ ಪಾಯಿಂಟ್ ಬೇಕಿದ್ದವು: ಗಾಡಿ ಚಾರ್ಜಿಗೆ ಒಂದು, ಗಾಲಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಮೂರು ಫೇಜಿನದು ಒಂದು. ಸಂಜೆ ಜಮಖಂಡಿಯಿಂದ ಗಾಡಿ ಬರುವುದಿತ್ತು.

ಬಿಚ್ಚಿದ ಮಗ್ಗ ಮಾವ ನೀಲಕಂಠನದು. ನಲವತ್ತು ವರ್ಷ ಅವನು ಅದರ ಮುಂದೆ ನಿಂತಿದ್ದ. ಓಡುವ ಮಗ್ಗ ಬಿಟ್ಟು ಬರುವ ಹಾಗಿಲ್ಲವೆಂದು ಆ ಮನೆಯಲ್ಲಿ ನೇಯುವವರಿಗೆ ಊಟ ಮಗ್ಗದ ಹತ್ತಿರಕ್ಕೇ ಹೋಗುತ್ತಿತ್ತು. ಮದುವೆಯಾಗಿ ಬಂದ ಮೂರನೆಯ ದಿನದಿಂದ ಹಿತ್ತಾಳೆ ತಾಟಿಗೆ ಬಿಳಿ ಅರಿವೆ ಮುಚ್ಚಿಕೊಂಡು ಹೋಗುವ ಕೆಲಸ ಶ್ರೀದೇವಿಯದಾಗಿತ್ತು. ಮಗ್ಗ ಹೋದ ಮೇಲೆ ಮಾವ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು, ಅರ್ಧ ರೊಟ್ಟಿ ತಿಂದು ಏಳುತ್ತಿದ್ದ.

ನಿನ್ನೆ ಅವಳು ಪಾಯಿಂಟ್ ಕೂಡಿಸುವ ಡಬ್ಬಿಗಳನ್ನು ನೋಡಿ ತರಲು ಮಹಾಲಿಂಗಪುರಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಮಾವ ತಾನೇ ನಿಚ್ಚಣಿಕೆ ಹತ್ತಿ ಪೈಪಿನೊಳಗೆ ವಾಯರ್ ಎಳೆದುಬಿಟ್ಟಿದ್ದ. "ನಿನಗ ಅಷ್ಟ ಕೆಲಸ ಕಡಿಮಿ ಆತಲ್ಲ ಬೇ," ಅಂದು ನಕ್ಕಿದ್ದ.

ಈಗ ಅವನು ಬಾಗಿಲಲ್ಲಿ ಕುಳಿತು ಹೊಸ ಕಬ್ಬಿಣದ ಡಬ್ಬಿಯನ್ನು ತಿರುಗಿಸಿ ನೋಡುತ್ತಿದ್ದ. "ಇಷ್ಟ ಆಳಂದು ಯಾಕ ತಂದಿ? ಪ್ಲಾಸ್ಟಿಕ್ಕಿಂದು ಹಗೂರ ಇರತಿತ್ತು."

"ದಪ್ಪ ವಾಯರ್ ರೀ ಮಾವಾರ, ಒಳಗ ಇಕ್ಕಟ್ಟ ಆಗಬಾರದು. ಗ್ವಾಡಿ ಆಕಡಿ ಮೂರು ಮಗ್ಗ ಅದಾವು. ಈ ಮುಚ್ಚಳಕ್ಕ ರಬ್ಬರ್ ಐತಿ, ಹತ್ತಿಧೂಳ ಒಳಗ ಹೋಗಂಗಿಲ್ಲ." ಅವಳು ಸ್ವಲ್ಪ ತಡೆದು ಕೇಳಿದಳು: "ವಾಯರ್ ಎಲ್ಲ್ಯಾರ ಕೂಡ್ಸೀರೇನ್ರಿ?"

"ಮೂರ ಕಡೆ!" ಅವನ ಮುಖ ಅರಳಿತು. "ಮಗ್ಗದ ಹಳೀ ವಾಯರ್ ತುಂಡು ಬಿದ್ದಿದ್ದು, ಹೊಸಾದು ಯಾಕ ಕತ್ತರಿಸೂದು? ಮ್ಯಾಲ ನೂಲ ಸುತ್ತೇನಿ. ಬೆರಳ ಆಡಿಸಿದ್ರ ಗಂಟ ಎಲ್ಲೈತಿ ಅಂತ ತಿಳಿಯಂಗಿಲ್ಲ."

"ಎಳಿ ಹರದ್ರ ಕೂಡಸ್ತಾರ," ಒಳಗಿನಿಂದ ಅತ್ತೆ ಬನಶಂಕರಿ ಕೂಗಿದಳು. "ನನ್ನ ಸೀರಿ ಹರದ್ರೂ ಕೂಡಸ್ತಾರ. ಹೊಸಾದು ತರೂದ ಗೊತ್ತಿಲ್ಲ ಈ ಮನಶ್ಯಾಗ!"

ಶ್ರೀದೇವಿ ನೀರು ಕುಡಿಯಲು ಒಳಗೆ ಹೋದಾಗ ಅತ್ತೆ ದನಿ ತಗ್ಗಿಸಿದಳು. "ಏನಾರ ತಪ್ಪಾಗೇತೇನ? ಇವತ್ತೊಂದಿನ ಸುಮ್ಮನಿರು. ಮಗ್ಗ ಹೋದ ಮ್ಯಾಲ ಅವರು ಮೊದಲ ಸಲ ನಕ್ಕಿದ್ದು ನಿನ್ನೀನ."

ಅವಳು ಚೆಂಬು ಹಿಡಿದು ನಿಂತಳು. ಗಾಡಿ ದಿನಾ ಆರು ತಾಸು ಚಾರ್ಜಾಗಬೇಕು. ಗೋಡೆಯಾಚೆ ಮಗ್ಗಗಳು ಬಡಿಯುತ್ತಿದ್ದವು. ಗೋಡೆಯ ಮೇಲಂಚಿನ ಕಿಂಡಿಯಿಂದ ಹತ್ತಿಧೂಳು ಬಿಸಿಲಕೋಲಿನಲ್ಲಿ ಸಾವಕಾಶ ಇಳಿಯುತ್ತಿತ್ತು.

ಅವಳು ಹೋಗಿ ಮೀಟರಿನ ಮುಖ್ಯ ಸ್ವಿಚ್ ಆರಿಸಿದಳು. ಮಗ್ಗಗಳು ನಿಂತವು. ಆ ಮೌನದಲ್ಲಿ ಅವಳ ಮಾತು ತುಸು ಗಟ್ಟಿಯಾಗಿಯೇ ಕೇಳಿತು. "ಮಾವಾರ, ಇದನ್ನ ತಗೀಬೇಕ್ರಿ."

ವಾಯರ್ ಎಳೆದಳು. ಎರಡನೆಯ ಗಂಟಿನ ನೂಲು ಕಂದು ಬಣ್ಣಕ್ಕೆ ತಿರುಗಿತ್ತು. ನೀಲಕಂಠ ಅದನ್ನು ಹೆಬ್ಬೆರಳಿನಿಂದ ಉಜ್ಜಿದ. ನೂಲು ಪುಡಿಯಾಗಿ ಉದುರಿತು.

"ನಾ ಹಾಕಿದ ಗಂಟ ಇವತ್ತಿನತನಕ ಬಿಚ್ಚಿಲ್ಲ," ಅಂದ.

"ಬಿಚ್ಚಿಲ್ರಿ, ಖರೆ. ಎಳಿ ಬರೇ ಜಗ್ಗಾಟ ತಡದ್ರ ಸಾಕು. ಇದರಾಗ ಕರೆಂಟ್ ಹರೀತೈತಿ. ಕೂಡಿಸಿದ ಜಾಗಾದಾಗ ಅದು ಕಾಯತೈತಿ. ಪೈಪಿನ್ಯಾಗ ಒಂದ ಅಖಂಡ ವಾಯರ್ ಇರಬೇಕ್ರಿ."

ಅವನು ಉಳಿದ ಸುಟ್ಟ ನೂಲನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದು ಹೊರಗೆ ಹೋದ.

ಶ್ರೀದೇವಿ ಒಬ್ಬಳೇ ಉಳಿದಳು. ಗಟ್ಟಿ ದಾರವೊಂದನ್ನು ಪೈಪಿನಲ್ಲಿ ತೂರಿಸಿ, ತುದಿಗೆ ಹೊಸ ವಾಯರ್ ಕಟ್ಟಿ, ಈಚೆಯಿಂದ ಜಗ್ಗಿದಳು. ಪೈಪು ತಿರುಗುವ ಮೂಲೆಯಲ್ಲಿ ಗಂಟು ಜಾರಿತು. ಮತ್ತೆ ಕಟ್ಟಿದಳು. ದಪ್ಪ ಗಂಟು ಮೂಲೆಯಲ್ಲೇ ಸಿಕ್ಕಿಕೊಂಡಿತು. ಮೂರನೆಯ ಸಲ ಜಗ್ಗಿದಾಗ ಬರೀ ದಾರ ಕೈಗೆ ಬಂತು. ಅವಳು ನಿಚ್ಚಣಿಕೆಯ ಮೆಟ್ಟಿಲ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. ಕಣ್ಣಿಗೆ ಸುಣ್ಣದ ಧೂಳು ಬಿದ್ದಿತ್ತು. ಬರೀ ಧೂಳೇ ಅಲ್ಲ.

"ತಾ ಇಲ್ಲೆ," ಬಾಗಿಲಿನಿಂದ ದನಿ ಬಂತು. ಮಾವ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ. "ಏನ ಗಂಟ ಇದು? ಎಮ್ಮಿ ಕಟ್ಟತೀ ಏನು?"

ಅವನು ವಾಯರಿನ ತುದಿ ತೆಳ್ಳಗೆ ಮಾಡಿ, ದಾರ ಸುತ್ತಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಗಂಟು ಹಾಕಿದ. ಅದು ಗೋಧಿ ಕಾಳಿಗಿಂತ ದೊಡ್ಡದಿರಲಿಲ್ಲ.

"ಇದು ಒಳಗ ಉಳಿಯಂಗಿಲ್ಲ ಹೌದಿಲ್ಲೋ?"

"ಇಲ್ರಿ. ವಾಯರ್ ಈಕಡಿ ಬಂದಮ್ಯಾಲ ಕತ್ತರಿಸಿ ಒಗೀತೇನ್ರಿ."

"ಜಗ್ಗು ಹಂಗಾರ. ಸಾವಕಾಶ. ಎಳಿ ಮಾತ ಕೇಳ್ಕೊಂತ ಜಗ್ಗು."

ಅವನು ಆಚೆಯಿಂದ ವಾಯರ್ ಬಿಡುತ್ತ ಹೋದ, ಅವಳು ಈಚೆಯಿಂದ ಜಗ್ಗಿದಳು. ಮೂಲೆಯಲ್ಲಿ ಒಮ್ಮೆ ತಡೆದು, ವಾಯರ್ ಈಚೆ ಬಂತು. ಎರಡೂ ಪಾಯಿಂಟಿಗೆ ಹೀಗೇ ಎಳೆದರು. ಅವಳು ಡಬ್ಬಿಗಳನ್ನು ಗೋಡೆಗೆ ಬಿಗಿದು ಜೋಡಣೆ ಮುಗಿಸಿದಳು. ಮುಚ್ಚಳ ಹಾಕುವ ಮುಂಚೆ ಅವನು ಹೆಗಲ ಮೇಲಿನ ಟಾವೆಲ್ಲಿನಿಂದ ಡಬ್ಬಿಯ ಒಳಮೂಲೆಗಳನ್ನು ಒರೆಸಿದ.

ಅವಳು ಮುಖ್ಯ ಸ್ವಿಚ್ ಹಾಕಿದಳು. ಗೋಡೆಯಾಚೆ ಮಗ್ಗಗಳು ಮತ್ತೆ ಬಡಿಯತೊಡಗಿದವು. ಅವಳು ಹೀಟರ್ ಹಚ್ಚಿ, ಒಂದು ತಾಸು ಕಾಯಲೆಂದು ಡಬ್ಬಿಯ ಎದುರಿಗೆ ಕುಳಿತಳು.

"ಶ್ರೀದೇವಿ, ಊಟಕ್ಕ ಬಾ. ಮೂರ ಹೊಡೀತು," ಅತ್ತೆ ಕರೆದಳು.

"ಹೀಟರ್ ಹಚ್ಚೇನ್ರಿ ಅತ್ತಿ. ಬಿಟ್ಟ ಬರಾಕ ಆಗಂಗಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಚಪ್ಪಲಿ ಬಿಡುವ ಸದ್ದಾಯಿತು. ನೀಲಕಂಠ ಮೊದಲು ಪೈಪಿನ ಬಾಯಿಗೆ ಮೂಗು ಹಿಡಿದು ನೋಡಿದ. ಆಮೇಲೆ ಬಾಗಿ, ಬಿಳಿ ಅರಿವೆ ಮುಚ್ಚಿದ ಹಿತ್ತಾಳೆ ತಾಟನ್ನು ಅವಳ ಕೈಗೆ ಕೊಟ್ಟ.